ಹೊಗೆಯ ದಿನಗಳಲ್ಲಿ ಮನೆಮಂದಿಯನ್ನು ಎಲ್ಲಿಗೆ ಕರೆದೊಯ್ಯಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ನಮ್ಮ ಕೈಸೇರಿದ ಪತ್ರಗಳಲ್ಲಿ ನಾಲ್ಕು ಒಂದೇ ಚಿಂತೆಯವು. ನಗರದ ಗಾಳಿಯಲ್ಲಿ ಹೊಗೆ ತುಂಬಿದಾಗ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಕೆಲವು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬುದು ಎಲ್ಲರ ಆಸೆ; ಎಲ್ಲಿಗೆ ಎಂಬುದೇ ಎಲ್ಲರ ಪ್ರಶ್ನೆ. ಆದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ಚೆಂಬೂರಿನಲ್ಲಿ ವಾಸವಾಗಿದ್ದೇವೆ. ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ ಬೆಳಗಿನ ಜಾವ ಕಿಟಕಿ ತೆರೆಯುವಂತಿಲ್ಲ. ಎಲ್ಲೋ ಕಸ ಸುಟ್ಟ ವಾಸನೆ ಮನೆಯೊಳಗೆಲ್ಲ ತುಂಬಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಮಾವನವರಿಗೆ ಉಬ್ಬಸವಿದೆ, ಒಂದನೇ ತರಗತಿಯಲ್ಲಿರುವ ಮಗನಿಗೆ ಕೆಮ್ಮು ಬಿಡುತ್ತಿಲ್ಲ. ಜನವರಿಯಲ್ಲಿ ಯಜಮಾನರಿಗೆ ಒಂದು ವಾರ ರಜೆ ಸಿಗಬಹುದು. ಗೆಳೆಯರು ಲೋಣಾವಳದಲ್ಲಿ ಬಂಗಲೆ ಹಿಡಿಯೋಣ ಎನ್ನುತ್ತಿದ್ದಾರೆ, ಮಗನಿಗೆ ಮಾಥೇರಾನಿನ ಪುಟ್ಟ ರೈಲು ಹತ್ತುವ ಆಸೆ, ಮಾವನವರು ಮಾತ್ರ ಕುಂದಾಪುರದ ಹತ್ತಿರದ ನಮ್ಮ ಊರಿಗೇ ಹೋಗೋಣ ಎಂದು ಪಟ್ಟು ಹಿಡಿದಿದ್ದಾರೆ. ಯಾವುದು ಒಳ್ಳೆಯದು?
— ಗೃಹಿಣಿ, ಚೆಂಬೂರು

ಉತ್ತರ: ಮೂರರಲ್ಲಿ ನಿಮ್ಮ ಮಾವನವರ ಮಾತೇ ಸರಿ, ಊರಿಗೆ ಹೋಗಿ. ಆದರೆ ಟಿಕೆಟ್ ತೆಗೆಯುವ ಮೊದಲು ಊರಿನ ಮನೆಗೆ ಫೋನ್ ಮಾಡಿ ಕೆಲವು ವಿಷಯಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮುಂಬೈಯ ಚಳಿಗಾಲದ ಹೊಗೆ ಹಗಲಿಗಿಂತ ಬೆಳಗಿನ ಜಾವ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂತುಬಿಡುತ್ತದೆ. ಕೆಳಗೆ ಸುಟ್ಟದ್ದು, ವಾಹನಗಳು ಬಿಟ್ಟದ್ದು, ಕಟ್ಟಡಗಳ ಧೂಳು ಎಲ್ಲವೂ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ರಾತ್ರಿಯ ಗಾಳಿ ನೆಲದ ಕಡೆಯಿಂದ ಸಮುದ್ರದತ್ತ ಮೆಲ್ಲನೆ ಬೀಸುತ್ತದೆ; ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಒಳಬಂದ ಮೇಲೆಯೇ ಆಕಾಶ ಸ್ವಲ್ಪ ತಿಳಿಯಾಗುತ್ತದೆ. ನಿಮ್ಮ ಭಾಗದವರಿಗೆ 2016ರ ಜನವರಿಯ ಕೊನೆಯ ವಾರ ನೆನಪಿರಬಹುದು. ದೇವನಾರದ ಕಸದ ಗುಡ್ಡ ದಿನಗಟ್ಟಲೆ ಉರಿದು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು, ಹೊಗೆಯ ಪಟ್ಟಿ ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತು. ಅಂಥ ದೊಡ್ಡ ಬೆಂಕಿ ಇಲ್ಲದ ದಿನಗಳಲ್ಲೂ ಇದೇ ಗಾಳಿ, ಇದೇ ಮುಚ್ಚಳ ಕೆಲಸ ಮಾಡುತ್ತಿರುತ್ತವೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಪಿ.ಎಂ. 2.5 ಎಂದು ಕರೆಯುವ ಈ ಸೂಕ್ಷ್ಮ ಕಣಗಳು ಮೂಗು, ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ 24 ಗಂಟೆಗಳ ಸರಾಸರಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಉಬ್ಬಸದವರ ಶ್ವಾಸನಾಳ ಮೊದಲೇ ಕೆರಳಿರುತ್ತದೆ. ಹಾಗಾಗಿ ಹೋಗುವ ಜಾಗ ಆರಿಸುವಾಗ ಅಲ್ಲಿನ ನೋಟ ಎಷ್ಟು ಚೆಂದ ಎಂದು ಕೇಳುವ ಮೊದಲು, ನಿಮ್ಮ ಮಾವನವರೂ ಮಗನೂ ರಾತ್ರಿ ಮಲಗುವ ಕೋಣೆಗೆ ಯಾವ ಗಾಳಿ ಬರುತ್ತದೆ ಎಂದು ಕೇಳಬೇಕು.

ಆ ಪ್ರಶ್ನೆಯನ್ನು ಲೋಣಾವಳದ ಬಂಗಲೆಗೆ ಹಾಕಿ ನೋಡಿ. ಘಟ್ಟದ ಮೇಲಿನ ಊರಾದ್ದರಿಂದ ಅಲ್ಲಿನ ಗಾಳಿ ಸಾಮಾನ್ಯವಾಗಿ ಚೆಂಬೂರಿಗಿಂತ ಹಗುರವೇ. ಆದರೆ ರಜೆಯ ದಿನಗಳಲ್ಲಿ ಬೋರ್ ಘಾಟಿನಲ್ಲಿ ಲಾರಿಗಳ ಹಿಂದೆ ಗಂಟೆಗಟ್ಟಲೆ ನಿಲ್ಲಬೇಕಾದ ಸಂದರ್ಭ ಅಪರೂಪವಲ್ಲ. ಬಂಗಲೆ ತಲುಪಿದ ಮೇಲೆ ಸಂಜೆಯ ಕಾರ್ಯಕ್ರಮ ಏನು? ಅಂಗಳದ ನಡುವೆ ಸೌದೆ ಒಟ್ಟಿ ಸೀಮೆಎಣ್ಣೆ ಸುರಿದು ಹಚ್ಚುವ ಬಾನ್‌ಫೈರ್, ಅದರ ಪಕ್ಕದಲ್ಲೇ ಇದ್ದಿಲಿನ ಬಾರ್ಬೆಕ್ಯೂ. ಚಳಿಯಿದೆ ಎಂದು ಮಕ್ಕಳನ್ನು ಬೆಂಕಿಗೆ ಹತ್ತಿರ ಕೂರಿಸುತ್ತಾರೆ, ಹಿರಿಯರಿಗೆ ಗೌರವದಿಂದ ಬೆಂಕಿಯ ಎದುರಿನ ಕುರ್ಚಿಯನ್ನೇ ಕೊಡುತ್ತಾರೆ, ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಹೊಗೆ ನೇರ ಅವರ ಮುಖಕ್ಕೇ ಬರುತ್ತದೆ. ಒಬ್ಬರ ಉಬ್ಬಸಕ್ಕಾಗಿ ಹತ್ತು ಜನರ ಬೆಂಕಿ ಆರಿಸಿ ಎಂದು ಹೇಳಲು ಸೊಸೆಯಾದ ನಿಮಗೆ ಸಂಕೋಚವಾಗುತ್ತದೆ, ಮಾವನವರಂತೂ ತಾವಾಗಿ ಎಂದಿಗೂ ಹೇಳುವುದಿಲ್ಲ. ಗೆಳೆಯರ ಗುಂಪಿನೊಂದಿಗೆ ಈ ಬಾರಿ ಹೋಗಬೇಡಿ ಎನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದು.

ಮಾಥೇರಾನ್ ಬೇರೆ ರೀತಿಯ ಜಾಗ. ಸುಮಾರು 800 ಮೀಟರ್ ಎತ್ತರದಲ್ಲಿದೆ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಚಳಿಗಾಲದ ಬೆಳಿಗ್ಗೆ ಅಲ್ಲಿನ ಯಾವುದಾದರೂ ಪಾಯಿಂಟ್‌ನಲ್ಲಿ ನಿಂತರೆ ಕೆಳಗಿನ ಬಯಲಿನ ಮೇಲೆ ಕಂದು ಬಣ್ಣದ ಮಬ್ಬು ಹಾಸಿಕೊಂಡಿರುವುದೂ ನೀವು ಅದಕ್ಕಿಂತ ಮೇಲೆ ಇರುವುದೂ ಕಣ್ಣಾರೆ ಕಾಣುತ್ತದೆ. ಆರೋಗ್ಯವಂತರಿಗೆ ಒಳ್ಳೆಯ ಸ್ಥಳ. ಆದರೆ ಜನವರಿಯ ಹೊತ್ತಿಗೆ ಅಲ್ಲಿನ ಕೆಂಪು ಮಣ್ಣು ಒಣಗಿ ಪುಡಿಯಾಗಿರುತ್ತದೆ. ಜನರ ಕಾಲು, ಕುದುರೆಗಳ ಗೊರಸು ಅದನ್ನು ದಿನವಿಡೀ ಎಬ್ಬಿಸುತ್ತಿರುತ್ತವೆ. ಧೂಳಿನ ಜೊತೆಗೆ ಕುದುರೆಯ ಕೂದಲು, ಲದ್ದಿ ಕೂಡ ಉಬ್ಬಸದ ಕೆಲವರಿಗೆ ಆಗುವುದಿಲ್ಲ. ರಾತ್ರಿ ಉಸಿರು ಕಟ್ಟಿದರೆ ಬೆಟ್ಟ ಇಳಿದು ದೊಡ್ಡ ಆಸ್ಪತ್ರೆ ತಲುಪುವುದು ಸುಲಭದ ಮಾತಲ್ಲ. ಮಗನ ಆಸೆ ದೊಡ್ಡದೇ, ಇಲ್ಲವೆನ್ನಬೇಡಿ. ಮಳೆಗಾಲ ಮುಗಿದು ಮಣ್ಣು ಇನ್ನೂ ಹಸಿಯಾಗಿರುವ ಅಕ್ಟೋಬರ್ ಸುಮಾರಿಗೆ, ಮಾವನವರನ್ನು ಮನೆಯಲ್ಲಿ ಯಾರಾದರೂ ನೋಡಿಕೊಳ್ಳುವಂತಿದ್ದಾಗ, ಅವನನ್ನು ಕರೆದುಕೊಂಡು ಹೋಗಿ.

ಇನ್ನು ಊರು. ನಿಮ್ಮ ಮನೆಯ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಕುಂದಾಪುರದಲ್ಲಿ ನಿಲ್ಲುತ್ತದೆ. ಮಧ್ಯಾಹ್ನ ಕೂತರೆ ಬೆಳಿಗ್ಗೆ ಇಳಿಯಬಹುದು, ಘಟ್ಟದ ರಸ್ತೆಯ ತಿರುವುಗಳ ತೊಂದರೆಯಿಲ್ಲ, ಹಿರಿಯರಿಗೆ ಕೆಳಗಿನ ಬರ್ತ್ ಕೇಳಬಹುದು. ಅಗತ್ಯ ಬಿದ್ದರೆ ಮಣಿಪಾಲದ ಆಸ್ಪತ್ರೆ ಹೆದ್ದಾರಿಯಲ್ಲಿ ಒಂದು ಗಂಟೆಯ ಆಸುಪಾಸು. ಸಮುದ್ರದ ಗಾಳಿಯಿದೆ, ಮಹಾನಗರದ ಹೊಗೆಯಿಲ್ಲ. ಇಷ್ಟೆಲ್ಲ ಸರಿ. ಆದರೆ ಕರಾವಳಿಯ ಊರಿನ ಮನೆಯಲ್ಲಿ ಚಳಿಗಾಲದ ಬೆಳಗು ಹೇಗಿರುತ್ತದೆಂದು ನಿಮಗೆ ಗೊತ್ತು. ಐದೂವರೆಗೆ ಎದ್ದವರು ಮೊದಲು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ. ಇಬ್ಬನಿಗೆ ನೆನೆದ ಮಡಲು, ಅರೆ ಒಣಗಿದ ತೆಂಗಿನ ಸಿಪ್ಪೆ. ಉರಿಯುವುದಕ್ಕಿಂತ ಹೆಚ್ಚಾಗಿ ಅದು ಹೊಗೆಯಾಡುತ್ತದೆ. ಹಂಡೆ ಕಾಯುವ ತನಕ ಆ ಹೊಗೆ ಹಂಚಿನ ಸಂದಿಯಿಂದ ನುಗ್ಗಿ ಪಕ್ಕದ ಕೋಣೆಯ ಮಾಡಿನಡಿ ನಿಲ್ಲುತ್ತದೆ, ಆ ಕೋಣೆಯಲ್ಲೇ ಮುಂಬೈಯಿಂದ ಬಂದವರಿಗೆ ಹಾಸಿಗೆ ಹಾಸಿರುತ್ತಾರೆ. ಏಳು ಗಂಟೆಗೆ ಅಂಗಳ ಗುಡಿಸಿದ ತರಗೆಲೆಯ ರಾಶಿಗೆ ಬೆಂಕಿ. ಗದ್ದೆಯ ಅಂಚಿನಲ್ಲಿ ಗೊಬ್ಬರಕ್ಕೆಂದು ಸುಡುಮಣ್ಣು ಮಾಡುವವರಿದ್ದರೆ ತರಗೆಲೆ ಮುಚ್ಚಿದ ಮಣ್ಣಿನ ಗುಪ್ಪೆ ಎರಡು ಮೂರು ದಿನ ಒಳಗೊಳಗೇ ಬೇಯುತ್ತಾ ಹೊಗೆ ಬಿಡುತ್ತಿರುತ್ತದೆ. ಇದೆಲ್ಲ ಬಾಲ್ಯದ ಪರಿಚಿತ ವಾಸನೆಯಾದ್ದರಿಂದ ನಮಗೆ ಹಿತವೆನಿಸುತ್ತದೆ. ಶ್ವಾಸಕೋಶಕ್ಕೆ ಮಾತ್ರ ಸೌದೆಯ ಹೊಗೆಯೂ ಹೊಗೆಯೇ.

ಆದುದರಿಂದ ಊರಿನಲ್ಲಿರುವ ಭಾವನವರಿಗೋ ಅತ್ತಿಗೆಯವರಿಗೋ ಮೊದಲೇ ಫೋನ್ ಮಾಡಿ, ನಾಚಿಕೆಪಡದೆ ಹೇಳಿ. ನೀವಿರುವ ವಾರದ ಮಟ್ಟಿಗೆ ಸ್ನಾನದ ನೀರಿಗೆ ಕರೆಂಟಿನ ಗೀಸರ್ ಬಳಸಲಿ. ಅದಿಲ್ಲದಿದ್ದರೆ ಗ್ಯಾಸಿನ ಮೇಲೆ ಒಂದು ದೊಡ್ಡ ಪಾತ್ರೆ ಇಟ್ಟರೂ ಆದೀತು. ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕಲಿ, ಅದು ಮರಕ್ಕೂ ಒಳ್ಳೆಯದು. ಸುಡುಮಣ್ಣಿನ ಕೆಲಸವನ್ನು ನೀವು ಹಿಂತಿರುಗಿದ ಮೇಲೆ ಇಟ್ಟುಕೊಳ್ಳಲಿ. ಮಾವನವರಿಗೆ ಬಚ್ಚಲು, ಅಡುಗೆಮನೆಗಳಿಂದ ದೂರವಿರುವ, ಸಮುದ್ರದ ದಿಕ್ಕಿಗೆ ಕಿಟಕಿಯಿರುವ ಕೋಣೆ ಕೊಡಲಿ. ಪೆಟ್ಟಿಗೆಯಲ್ಲಿ ವರ್ಷವಿಡೀ ಮಡಚಿಟ್ಟ ಕಂಬಳಿ, ಚಾದರಗಳನ್ನು ಎರಡು ದಿನ ಬಿಸಿಲಿಗೆ ಹಾಕಿ ಕೊಡವಿಡಲಿ. ಸೊಳ್ಳೆಗೆ ಕಾಯಿಲ್ ಹಚ್ಚುವ ಬದಲು ಪರದೆ ಕಟ್ಟಲಿ. ಇಷ್ಟಾದರೆ ಆ ಒಂದು ವಾರ ನಿಮ್ಮ ಮಾವನವರಿಗೂ ಮಗನಿಗೂ ನಿಜವಾಗಿಯೂ ಹಾಯೆನಿಸುತ್ತದೆ.

ಹೊರಡುವ ಮೊದಲು ಮಾವನವರನ್ನು ಅವರ ವೈದ್ಯರ ಬಳಿ ಕರೆದೊಯ್ದು, ದಿನವೂ ತೆಗೆದುಕೊಳ್ಳುವ ಇನ್‌ಹೇಲರ್ ಯಾವುದು, ಉಸಿರು ಕಟ್ಟಿದಾಗ ಬಳಸುವುದು ಯಾವುದು, ಎಷ್ಟು ಸಲ ಎಳೆದ ಮೇಲೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಊರಿನ ಗಾಳಿಗೆ ಆರಾಮವಾಯಿತೆಂದು ದಿನದ ಔಷಧವನ್ನು ನಡುವೆ ನಿಲ್ಲಿಸಬಾರದು. ಇನ್‌ಹೇಲರನ್ನು ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ.

ರಜೆ ಒಂದು ವಾರ ಸಿಗದೆ ಎರಡೇ ದಿನ ಸಿಕ್ಕರೆ ಡಹಾಣೂ ಆಚೆಯ ಬೋರ್ಡಿಯನ್ನು ಯೋಚಿಸಿ. ರೈಲಿನಲ್ಲಿ ಘೋಲ್ವಡ್‌ನಲ್ಲಿ ಇಳಿದರೆ ಸಮುದ್ರದಂಡೆಯೂ ಚಿಕ್ಕೂ ತೋಟಗಳೂ ಹತ್ತಿರ, ಘಾಟು ಹತ್ತುವ ಕೆಲಸವಿಲ್ಲ. ಅಲ್ಲಿಯೂ ಉಳಿಯುವ ಮನೆಯವರನ್ನು ಅಡುಗೆ ಸೌದೆಯಲ್ಲೋ ಗ್ಯಾಸಿನಲ್ಲೋ ಎಂದು ಕೇಳಿಕೊಳ್ಳಿ. ರಜೆಯೇ ಸಿಗದಿದ್ದರೆ ಮನೆಯ ಒಂದು ಕೋಣೆಯನ್ನು ಶುದ್ಧವಾಗಿಡಿ: ಕಿಟಕಿ ಸಂದಿಗಳನ್ನು ಮುಚ್ಚಿ, ಆ ಕೋಣೆಯ ಅಳತೆಗೆ ಸಾಲುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಇಡಿ, ಊದುಬತ್ತಿ, ಧೂಪ, ಒಗ್ಗರಣೆಯ ಹೊಗೆ ಅದರೊಳಗೆ ಬಾರದಂತೆ ನೋಡಿಕೊಳ್ಳಿ, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯ ಕಿಟಕಿಗಳನ್ನು ಬೆಳಿಗ್ಗೆ ತೆರೆಯುವ ಅಭ್ಯಾಸ ಬಿಟ್ಟು ಮಧ್ಯಾಹ್ನ ಎರಡರ ಮೇಲೆ ತೆರೆಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರದ ಗಾಳಿ ಗುಣಮಟ್ಟದ ಸೂಚ್ಯಂಕ ಸಿಗುತ್ತದೆ. ಅದು 200 ದಾಟಿದ ದಿನ ಮಗನನ್ನು ಆಟಕ್ಕೆ ಹೊರಗೆ ಕಳಿಸಬೇಡಿ.

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್‌ನವರು. ಫೆಬ್ರವರಿ ಬಂತೆಂದರೆ ಟೇಕಡಿಗಳ, ಅಂದರೆ ಇಲ್ಲಿನ ಗುಡ್ಡಗಳ, ಒಣ ಹುಲ್ಲಿಗೆ ಬೆಂಕಿ ಬೀಳುತ್ತದೆ, ಹೊಗೆ ನಮ್ಮ ಬಾಲ್ಕನಿಯವರೆಗೂ ಬರುತ್ತದೆ. ಎರಡು ಚಿಕ್ಕ ಮಕ್ಕಳಿದ್ದಾರೆ. ಶನಿವಾರ, ಭಾನುವಾರ ಮುಳಶಿ ಅಥವಾ ಪಾನಶೇತ್ ಕಡೆಯ ರೆಸಾರ್ಟಿಗೆ ಹೋಗಿಬಂದರೆ ಹೇಗೆ?
— ತಂದೆಯೊಬ್ಬರು, ಪುಣೆ

ಉತ್ತರ: ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಧಾರಾಳವಾಗಿ ಹೋಗಿ. ಫೆಬ್ರವರಿಯಿಂದ ಮೇ ತಿಂಗಳವರೆಗೆ ನಾನು ಸಲಹೆ ಮಾಡಲಾರೆ, ಏಕೆಂದರೆ ನೀವು ಬಿಟ್ಟುಬರುವ ಹೊಗೆಯೇ ಅಲ್ಲಿ ಇನ್ನಷ್ಟು ಹತ್ತಿರದಲ್ಲಿ ಎದುರಾಗಬಹುದು. ಸಹ್ಯಾದ್ರಿಯ ಆ ಇಳಿಜಾರುಗಳ ಹುಲ್ಲು ಮಳೆ ನಿಂತ ಮೇಲೆ ಒಣಗುತ್ತಾ ಬಂದು ಮಾರ್ಚ್ ಹೊತ್ತಿಗೆ ಒಂದು ಬೀಡಿಯ ಕಿಡಿಗೂ ಹತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತದೆ; ಅಲ್ಲಿನವರು ವಣವಾ ಎನ್ನುವ ಈ ಬೆಂಕಿ ರಾತ್ರಿಯಿಡೀ ಗುಡ್ಡದ ಮೇಲೆ ಗೆರೆಯಂತೆ ಸಾಗುವುದು ದೂರದಿಂದಲೇ ಕಾಣುತ್ತದೆ. ಬೇಸಿಗೆಯ ಕೊನೆಗೆ ಮಾವಳದ ಭತ್ತದ ರೈತರು ಸಸಿ ಮಡಿಗೆ ಸೊಪ್ಪು, ಸಗಣಿ ಹರಡಿ ಸುಡುವ ರಾಬ್ ಪದ್ಧತಿಯೂ ಇದೆ. ಅದು ಅವರ ಕೃಷಿಯ ಭಾಗ, ದೂರುವಂಥದ್ದಲ್ಲ. ನಾವು ಮಕ್ಕಳನ್ನು ಕರೆದೊಯ್ಯುವ ಕಾಲವನ್ನು ಬದಲಿಸಿಕೊಂಡರೆ ಸಾಕು. ಹಸಿ ಜೋಳದ ತೆನೆ ಸುಟ್ಟು ತಿನ್ನುವ ಚಳಿಗಾಲದ ಹುರ್ಡಾ ಪಾರ್ಟಿಯ ಮಾತೂ ಅಷ್ಟೆ. ನಮ್ಮ ಉತ್ತರ ಕರ್ನಾಟಕದ ಸೀತನಿಯ ರುಚಿಯನ್ನು ಬೇಡವೆನ್ನಲು ನನಗೂ ಮನಸ್ಸಿಲ್ಲ, ಆದರೆ ತೆನೆ ಸುಡುವ ಕುರುಳಿನ (ಬೆರಣಿಯ) ಒಲೆಯಿಂದ ಮಕ್ಕಳು ದೂರವಿರಲಿ, ಕಾಳು ಅವರಿದ್ದಲ್ಲಿಗೆ ಬರಲಿ.

ಬೇಸಿಗೆಯಲ್ಲಿ ಹೊಗೆ ತಪ್ಪಿಸಬೇಕೆಂದರೆ ಕೊಂಕಣದ ದಂಡೆಗೆ ಇಳಿಯಿರಿ: ಹರಿಹರೇಶ್ವರ, ಗುಹಾಗರ, ಗಣಪತಿಪುಳೆ. ಮಾರ್ಚ್ ನಂತರ ಸಮುದ್ರದ ಗಾಳಿ ಬಲವಾಗುತ್ತದೆ, ಸೆಕೆಯಿದ್ದರೂ ಉಸಿರು ಸರಾಗ. ಕೊಲ್ಹಾಪುರದ ಕಡೆ ಹೋಗುವಿರಾದರೆ ಕಬ್ಬು ಕಡಿದ ಹೊಲಗಳಲ್ಲಿ ರವದಿ (ಒಣ ಸೋಗೆ) ಸುಡುವ ತಿಂಗಳುಗಳಲ್ಲಿ ಸಂಜೆಯ ಪ್ರಯಾಣ ಬೇಡ. ಕಾರಿನಲ್ಲಿ ಒಳಗಿನ ಗಾಳಿಯೇ ತಿರುಗುವ ಗುಂಡಿ ಒತ್ತಿ ಗಾಜು ಏರಿಸಿಕೊಳ್ಳಿ. ಟೇಕಡಿ ಹತ್ತಿದಾಗ ಕೆಳಗಿನಿಂದ ಹೊಗೆ ಕಂಡರೆ ತುದಿಯತ್ತ ಓಡಬೇಡಿ, ಬೆಂಕಿ ಏರುಮುಖವಾಗಿ ಬಹಳ ವೇಗವಾಗಿ ಬರುತ್ತದೆ. ಪಕ್ಕಕ್ಕೆ ಸರಿದು ಹುಲ್ಲಿಲ್ಲದ ಬಂಡೆ, ರಸ್ತೆ ಅಥವಾ ಈಗಾಗಲೇ ಸುಟ್ಟು ಆರಿದ ನೆಲ ಸೇರಿ 101ಕ್ಕೆ ಅಥವಾ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ಬೆಳಗಾವಿಯಿಂದ ಅಕ್ಕನ ಕುಟುಂಬ ಚೋರ್ಲಾ ಘಾಟಿನ ಮೂಲಕ ನಮ್ಮಲ್ಲಿಗೆ ಬರುವುದಿದೆ. ಹಿಂದೊಮ್ಮೆ ಆ ಕಾಡಿಗೆ ಬೆಂಕಿ ಬಿದ್ದಿತ್ತಲ್ಲ, ಬರಬೇಡಿ ಎನ್ನಲೇ?
— ವಾಸ್ಕೋ ಓದುಗರು

ಉತ್ತರ: ಬರಲಿ. 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಬೆಂಕಿ ಹಬ್ಬಿದಾಗ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟುಗಳಲ್ಲಿ ನೀರು ತಂದು ಸುರಿಯಬೇಕಾಗಿ ಬಂದದ್ದು ನಿಜ, ಆದರೆ ಆ ಕಾಡು ಸತ್ತರಿ ತಾಲ್ಲೂಕಿನ ಒಳನಾಡಿನದು. ಸಮುದ್ರದ ಗಾಳಿಗೆ ತೆರೆದ ವಾಸ್ಕೋ ಅಲ್ಲಿಂದ ಸಾಕಷ್ಟು ದೂರ. ಹೊರಡುವ ದಿನ ಸುದ್ದಿ ನೋಡಿಕೊಂಡು, ಬೆಂಕಿಯ ವರದಿಯಿದ್ದರೆ ಚೋರ್ಲಾ ಬಿಟ್ಟು ಲೋಂಡಾದಿಂದ ರೈಲು ಹತ್ತಲಿ. ಘಾಟಿನ ನಡುವೆ ಮರದಡಿ ಒಲೆ ಹೂಡಿ ಚಹಾ ಕಾಯಿಸುವುದು ಮಾತ್ರ ಖಂಡಿತ ಬೇಡ.

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವ ನಿವೃತ್ತ ದಂಪತಿ. ಮಗ, ಸೊಸೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದಾರೆ. ಡಿಸೆಂಬರ್ ಕೊನೆಗೆ ಸೊಸೆಗೆ ದಿನ ತುಂಬುತ್ತದೆ. ಬಾಣಂತನಕ್ಕೆ ನಾವೇ ಹೋಗುತ್ತಿದ್ದೇವೆ. ಅಲ್ಲಿ ಹಿಂದೆ ಕಾಳ್ಗಿಚ್ಚಿನ ಹೊಗೆ ನಗರವನ್ನೇ ಮುಚ್ಚಿತ್ತೆಂದು ಓದಿದ್ದೇವೆ. ಮತ್ತೆ ಹಾಗಾದರೆ ಬಾಣಂತಿ, ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಸಮುದ್ರದ ಕಡೆ ಹೋದರಾಯಿತು ಎಂದು ಮಗ ಹೇಳುತ್ತಾನೆ.
— ಹಿರಿಯ ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಮಗನ ಮಾತು ಸಹಜವಾದದ್ದೇ, ಕ್ಯಾನ್‌ಬೆರಾದವರು ಬೇಸಿಗೆ ರಜೆಯಲ್ಲಿ ಹೋಗುವುದೇ ಬೇಟ್‌ಮನ್ಸ್ ಬೇ ಕಡೆಯ ಸಮುದ್ರತೀರಕ್ಕೆ. ಆದರೆ 2019-20ರ ಬೇಸಿಗೆಯಲ್ಲಿ ಆ ತೀರವೇ ಉರಿಯಿತು. ಕ್ಯಾನ್‌ಬೆರಾದಿಂದ ಅಲ್ಲಿಗಿಳಿಯುವ ಕಿಂಗ್ಸ್ ಹೆದ್ದಾರಿ ಮುಚ್ಚಿತು. ಜನವರಿಯ ಮೊದಲ ದಿನಗಳಲ್ಲಿ ಪ್ರವಾಸಿಗರೆಲ್ಲ ಬೇಟ್‌ಮನ್ಸ್ ಬೇಯಿಂದ ವಿಕ್ಟೋರಿಯಾ ಗಡಿಯವರೆಗಿನ ಪ್ರದೇಶ ಬಿಟ್ಟು ಹೊರಡಬೇಕೆಂದು ಅಗ್ನಿಶಾಮಕ ಸೇವೆ ಸೂಚಿಸಿತು. ಇನ್ನೂ ದಕ್ಷಿಣದ ಮಲ್ಲಕೂಟಾದಲ್ಲಿ ಡಿಸೆಂಬರ್ 31ರಂದು ಸಾವಿರಾರು ಜನ ಕೆಂಪಾದ ಆಕಾಶದ ಕೆಳಗೆ ಮರಳಿನ ಮೇಲೆ ನಿಂತು ಜೀವ ಉಳಿಸಿಕೊಳ್ಳಬೇಕಾಯಿತು, ಕೊನೆಗೆ ಸಾವಿರಕ್ಕೂ ಹೆಚ್ಚು ಜನರನ್ನು ನೌಕಾಪಡೆಯ ಹಡಗು ಸಾಗಿಸಿತು. ಅದೇ ವೇಳೆಗೆ ಹೊಗೆ ಎಲ್ಲಿಯವರೆಗೆ ಹೋಯಿತೆಂದರೆ ನ್ಯೂಜಿಲೆಂಡಿನ ಹಿಮನದಿಗಳು ಕಂದಾದವು. ಸಿಡ್ನಿಯೂ ವಾರಗಟ್ಟಲೆ ಮಬ್ಬಿನಲ್ಲಿತ್ತು, ಅಲ್ಲಿನ ಕಚೇರಿಗಳೊಳಗಿನ ಬೆಂಕಿ ಎಚ್ಚರಿಕೆಯ ಗಂಟೆಗಳು ಬರೀ ಹೊಗೆಗೇ ಮೊಳಗಿದವು.

ಆ ಬೇಸಿಗೆಯಲ್ಲಿ ಬೆಂಕಿಗೆ ನೇರವಾಗಿ ಬಲಿಯಾದವರು 33 ಮಂದಿ. ಹೊಗೆಯಿಂದಾದ ಹೆಚ್ಚುವರಿ ಸಾವುಗಳು 417 ಎಂದು ಅಲ್ಲಿನ ಸಂಶೋಧಕರು ನಂತರ ಅಂದಾಜು ಮಾಡಿದರು. ಎಂದಮೇಲೆ ನಿಮ್ಮ ಭಯ ಅತಿಯಾದದ್ದಲ್ಲ. ಆದರೂ ದಿನ ತುಂಬಿದ ಸೊಸೆಯನ್ನೋ ಹಸುಗೂಸನ್ನೋ ಕರೆದುಕೊಂಡು ಕಾಡಿನ ನಡುವಿನ ರಸ್ತೆಗಳಲ್ಲಿ ಹೊರಡುವ ಯೋಜನೆ ನನಗೆ ಸರಿಕಾಣುವುದಿಲ್ಲ. ಹೆರಿಗೆ ಹತ್ತಿರವಾದ ವಾರಗಳಲ್ಲಿ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. 2020ರ ಜನವರಿ 23ರಂದು ಹತ್ತಿರದ ಬೆಂಕಿಯಿಂದಾಗಿ ಕ್ಯಾನ್‌ಬೆರಾದ ವಿಮಾನ ಸಂಚಾರವೇ ನಿಂತಿತ್ತು. ಅವರ ಆಸ್ಪತ್ರೆ, ಸೂಲಗಿತ್ತಿ ದಾದಿಯರು ಎಲ್ಲ ಇರುವುದು ಕ್ಯಾನ್‌ಬೆರಾದಲ್ಲೇ. ಹೀಗಾಗಿ ನಿಮ್ಮ ಮೊದಲ ಯೋಜನೆ ಮನೆಯೊಳಗಿನ ಒಂದು ಕೋಣೆಯೇ ಆಗಿರಲಿ.

ಮನೆಯ ತಂಪಿನ ವ್ಯವಸ್ಥೆ ಯಾವುದೆಂದು ಮಗನನ್ನು ಇಂದೇ ಕೇಳಿ. ಅಲ್ಲಿನ ಅನೇಕ ಮನೆಗಳಲ್ಲಿ ನಮ್ಮ ಡೆಸರ್ಟ್ ಕೂಲರ್ ಮಾದರಿಯ, ಒದ್ದೆ ಪ್ಯಾಡಿನ ಮೂಲಕ ಹೊರಗಿನ ಗಾಳಿಯನ್ನು ಒಳಗೆಳೆಯುವ ಯಂತ್ರ ಮಾಡಿನ ಮೇಲಿರುತ್ತದೆ. ಹೊಗೆಯ ದಿನ ಅದನ್ನು ಹಚ್ಚಿದರೆ ಹೊಗೆಯನ್ನೇ ಮನೆಗೆ ತುಂಬಿದಂತೆ. ಕೋಣೆಯ ಗಾಳಿಯನ್ನೇ ತಂಪು ಮಾಡುವ ಏಸಿಯಾದರೆ ಚಿಂತೆಯಿಲ್ಲ. ಏರ್ ಪ್ಯೂರಿಫೈಯರ್ ಈಗಲೇ ಕೊಳ್ಳಲಿ, ಹೊಗೆ ಬಂದ ಮೇಲೆ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಸೊಸೆ ಹೊರಗೆ ಹೋಗಲೇಬೇಕಾದರೆ ಅಲ್ಲಿ ಪಿ2 ಎನ್ನುವ, ನಮ್ಮ ಎನ್95ಕ್ಕೆ ಸಮನಾದ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವಂತೆ ಹಾಕಿಕೊಳ್ಳಲಿ. ಹಸುಗೂಸಿಗೆ ಯಾವ ಮಾಸ್ಕನ್ನೂ ಹಾಕಬಾರದು.

ಹೊಗೆ ಹಲವು ದಿನ ನಿಂತು ಹೋಗಲೇಬೇಕೆಂದು ವೈದ್ಯರೂ ಹೇಳಿದರೆ, ಬೆಂಕಿ ಹತ್ತಿರ ಬರುವ ಮೊದಲೇ ಹೊರಡಿ. ದೊಡ್ಡ ಆಸ್ಪತ್ರೆಯಿರುವ ನಗರವನ್ನೇ ಆರಿಸಿ, ಕಿಟಕಿ ಮುಚ್ಚಿ ಏಸಿ ಹಾಕಿಕೊಳ್ಳಬಹುದಾದ ಹೋಟೆಲು ಹಿಡಿಯಿರಿ, ಗುಡ್ಡದ ಕಾಟೇಜು, ಕಾಡಿನಂಚಿನ ಕ್ಯಾಂಪು ಬೇಡ. ಅಂದಿನ ಅಗ್ನಿ ಅಪಾಯದ ಮಟ್ಟವನ್ನು ನೋಡದೆ ಕಾರು ತೆಗೆಯಬಾರದು. 2022ರಿಂದ ದೇಶದಾದ್ಯಂತ ನಾಲ್ಕು ಮಟ್ಟಗಳಿವೆ, ಮೇಲಿನ ಎರಡರಲ್ಲಿ, ಅಂದರೆ ಎಕ್ಸ್‌ಟ್ರೀಮ್ ಮತ್ತು ಕ್ಯಾಟಸ್ಟ್ರೊಫಿಕ್ ಎಂದು ಸಾರಿದ ದಿನ, ಕಾಡಿನ ರಸ್ತೆ ಹಿಡಿಯಬೇಡಿ. ತುರ್ತು ಕರೆಗೆ ಅಲ್ಲಿನ ಸಂಖ್ಯೆ 000.

ಕೊನೆಯದಾಗಿ ತಾಯಿಯವರಿಗೆ ಒಂದು ಮಾತು. ಬಾಣಂತಿಗೆ ತಲೆ ಒಣಗಿಸಲು, ಮಗುವಿಗೆ ಮೀಸಿದ ಮೇಲೆ ಮೈ ಬೆಚ್ಚಗಾಗಲು ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವ ಪದ್ಧತಿ ನಮ್ಮಲ್ಲಿದೆ, ನೀವೂ ಆ ಸಾಮಾನು ಕಟ್ಟಿಕೊಂಡೇ ಹೊರಟಿರಬಹುದು. ಹೊರಗೆ ಹೊಗೆಯಿರಲಿ, ಇಲ್ಲದಿರಲಿ, ಎಳೆಯ ಶ್ವಾಸಕೋಶಕ್ಕೆ ಅದು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಾಸನೆಯಿಲ್ಲದ ವಿಷಾನಿಲವೂ ಸೇರಿಕೊಳ್ಳುತ್ತದೆ. ಎಣ್ಣೆ ನೀವಿ, ಬಿಸಿನೀರು ಎರೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಬೆಚ್ಚಗೆ ಸುತ್ತಿ ಮಲಗಿಸಿ. ಸೊಸೆಯ ತಲೆಗೂದಲಿಗೆ ಕರೆಂಟಿನ ಡ್ರೈಯರ್ ಸಾಕು.